ಲಾಂಡ್ರಿಯ ಕೆಳಗೊಂದು ಗುಂಡಿನ ಕಾರ್ಖಾನೆ

ಗಾಝಾದಲ್ಲಿ ಮನೆ, ಶಾಲೆ, ಆಸ್ಪತ್ರೆಗಳ ಮೇಲೆ ಬಾಂಬ್ ಬಿದ್ದಾಗ ಇಸ್ರೇಲ್ ಕಡೆಯಿಂದ ನಾವು ಮತ್ತೆ ಮತ್ತೆ ಕೇಳಿದ ಉತ್ತರ ಒಂದೇ: ಅದರ ಕೆಳಗೆ ಸುರಂಗ ಇತ್ತು, ಆಯುಧ ಅಡಗಿಸಿದ್ದರು ಅಂತ. ಇದ್ದಿರಲೂಬಹುದು. ಆದರೆ ಜನ ವಾಸಿಸುವ ಕಡೆ ಆಯುಧ ಸಿಕ್ಕಿದರೆ ಶಿಕ್ಷೆ ಯಾರಿಗೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಇಸ್ರೇಲ್‌ನ ಸ್ವಂತ ಚರಿತ್ರೆಯ ಪುಟ ತಿರುವಿದರೆ ಸಾಕು.

ಇಸ್ರೇಲ್ ಸೇನೆಯ ಹೀಬ್ರೂ ಹೆಸರಿನಲ್ಲೇ ‘ಹಗಾನಾ’ ಎಂಬ ಪದವಿದೆ. ರಕ್ಷಣೆ ಎಂದರ್ಥ. ಈ ಹೆಸರಿನ ಗುಪ್ತ ಪಡೆ ಹುಟ್ಟಿದ್ದು 1920ರ ಜೂನ್‌ನಲ್ಲಿ, ಬ್ರಿಟಿಷರ ಕೈಯಲ್ಲಿದ್ದ ಫೆಲೆಸ್ತೀನಿನಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ, ನಬಿ ಮೂಸಾ ಉತ್ಸವದ ಹೊತ್ತಿಗೆ ಜೆರುಸಲೇಮಿನಲ್ಲಿ ಗಲಭೆಯಾಗಿತ್ತು. ಬ್ರಿಟಿಷರನ್ನು ನಂಬಿ ಕೂತರೆ ಆಗದು ಅಂತ ಯಹೂದಿ ವಲಸಿಗರು ಕಾವಲು ಪಡೆ ಕಟ್ಟಿಕೊಂಡರು. 1929ರಲ್ಲಿ ಅಲ್ ಖಲೀಲ್ ಅಂದರೆ ಹೆಬ್ರಾನ್ ಪಟ್ಟಣದಲ್ಲಿ 60ಕ್ಕೂ ಹೆಚ್ಚು ಯಹೂದಿಗಳ ಕೊಲೆಯಾಯಿತು. ಇನ್ನೂ ಅನೇಕರನ್ನು ನೆರೆಯ ಅರಬ್ ಮನೆಯವರೇ ಒಳಗೆ ಬಚ್ಚಿಟ್ಟು ಉಳಿಸಿದರು. ಈ ಎರಡನ್ನೂ ನಾವು ಮರೆಯಬಾರದು. ಅವರ ಭಯ ಸುಳ್ಳಾಗಿರಲಿಲ್ಲ.

ಹಗಾನಾ ಕಾನೂನು ಪ್ರಕಾರ ಅಕ್ರಮ ಸಂಘಟನೆ. ಆದರೂ 1936ರಿಂದ 39ರ ವರೆಗೆ ಅರಬರು ದಂಗೆ ಎದ್ದಾಗ ಬ್ರಿಟಿಷರು ಅದೇ ಹಗಾನಾದ ಯುವಕರನ್ನು ಜೊತೆಗೆ ಸೇರಿಸಿಕೊಂಡರು. ಆರ್ಡೆ ವಿಂಗೇಟ್ ಎಂಬ ಬ್ರಿಟಿಷ್ ಅಧಿಕಾರಿ 1938ರಲ್ಲಿ ಅವರಿಗೆ ರಾತ್ರಿ ದಾಳಿಯ ತರಬೇತಿ ಕೊಟ್ಟ. ಕಾವಲು ಕಾಯುವವರು ದಾಳಿ ಕಲಿತದ್ದು ಹಾಗೆ. 1941ರಲ್ಲಿ ಪಾಲ್ಮಾಖ್ ಎಂಬ ಪೂರ್ಣಾವಧಿ ತುಕಡಿಯೂ ತಯಾರಾಯಿತು.

ಆಯುಧ ಎಲ್ಲಿಡುತ್ತಿದ್ದರು? ಜನ ವಾಸಿಸುವ ಹಳ್ಳಿಗಳಲ್ಲೇ. ರೆಹೊವೊತ್ ಪಟ್ಟಣದ ಹತ್ತಿರ, ಸಾಮೂಹಿಕ ಬೇಸಾಯದ ಒಂದು ಹಳ್ಳಿಯಲ್ಲಿ, ನೆಲದ ಕೆಳಗೆ ಗುಂಡಿನ ಕಾರ್ಖಾನೆಯೇ ಇತ್ತು. ಮೇಲೆ ಲಾಂಡ್ರಿ, ಬೇಕರಿ. ಯಂತ್ರದ ಸದ್ದನ್ನು ಬಟ್ಟೆ ಒಗೆಯುವ ಸದ್ದು ಮುಚ್ಚುತ್ತಿತ್ತು. ಬ್ರಿಟಿಷ್ ಸೈನಿಕರ ಬಟ್ಟೆಗಳೂ ಅಲ್ಲೇ ಒಗೆಯಲು ಬರುತ್ತಿದ್ದವು! ಹಳ್ಳಿಯ ಎಷ್ಟೋ ಜನರಿಗೇ ಕೆಳಗಿನ ವಿಷಯ ಗೊತ್ತಿರಲಿಲ್ಲ. 1945ರಿಂದ 48ರ ವರೆಗೆ ಅಲ್ಲಿ 20 ಲಕ್ಷಕ್ಕೂ ಹೆಚ್ಚು ಗುಂಡು ತಯಾರಾದವು. ಇಂದು ಅದು ಮ್ಯೂಸಿಯಂ. ಜನ ಟಿಕೆಟ್ ಕೊಟ್ಟು ನೋಡಿ ಮೆಚ್ಚುತ್ತಾರೆ.

1946ರ ಜೂನ್ 29ರ ಶನಿವಾರ ಬ್ರಿಟಿಷರು ದೊಡ್ಡ ಶೋಧ ಶುರು ಮಾಡಿದರು. ಸುಮಾರು 2,700 ಮಂದಿಯ ಬಂಧನವಾಯಿತು. ಹೈಫಾ ಹತ್ತಿರದ ಯಾಗೂರ್ ಹಳ್ಳಿಯಲ್ಲಿ 300ಕ್ಕೂ ಹೆಚ್ಚು ಬಂದೂಕು, ಜೊತೆಗೆ ಗ್ರೆನೇಡು, ಮೋರ್ಟಾರು ಸಿಕ್ಕಿದವು. ಸೈನಿಕರು ಗೋಡೆ, ನೆಲ ಅಗೆದು ಹುಡುಕಿದರು, ಜನರನ್ನು ಹಿಡಿದೊಯ್ದರು. ಆದರೆ ಇಡೀ ಯಾಗೂರಿನ ಮೇಲೆ ವಿಮಾನದಿಂದ ಬಾಂಬ್ ಹಾಕಲಿಲ್ಲ. ಆ ಹಳ್ಳಿ ಇಂದಿಗೂ ಇದೆ.

ಇದೇ ಬ್ರಿಟಿಷರು ಹತ್ತು ವರ್ಷ ಹಿಂದೆ, 1936ರ ಜೂನ್‌ನಲ್ಲಿ, ಅರಬರ ಜಾಫಾ ಪಟ್ಟಣದಲ್ಲಿ ಏನು ಮಾಡಿದ್ದರು? ದಂಗೆಕೋರರ ಅಡಗುತಾಣ ಅಂತ ಹಳೇ ಪೇಟೆಯ 200ಕ್ಕೂ ಹೆಚ್ಚು ಕಟ್ಟಡಗಳನ್ನು ಸ್ಫೋಟಿಸಿ ಉರುಳಿಸಿದರು. ಸಾವಿರಾರು ಜನ ಬೀದಿಗೆ ಬಿದ್ದರು. ಒಂದೇ ನಾಡು, ಒಂದೇ ಸರಕಾರ. ಅಳತೆ ಮಾತ್ರ ಎರಡು.

1948ರ ಮಾರ್ಚ್‌ನಲ್ಲಿ ಹಗಾನಾ ‘ಪ್ಲಾನ್ ದಾಲೆತ್’ ಎಂಬ ಯೋಜನೆ ಮಾಡಿತು. ಪ್ರತಿರೋಧ ತೋರಿದ ಅರಬ್ ಹಳ್ಳಿಯ ಜನರನ್ನು ಗಡಿಯಾಚೆ ಅಟ್ಟಬಹುದು ಅಂತ ಅದರಲ್ಲೇ ಬರೆದಿತ್ತು. ಏಪ್ರಿಲ್ 9ರಂದು ದೇರ್ ಯಾಸೀನ್‌ನಲ್ಲಿ 100ಕ್ಕೂ ಹೆಚ್ಚು ಜನರನ್ನು ಕೊಂದದ್ದು ಹಗಾನಾ ಅಲ್ಲ, ಇರ್ಗುನ್ ಮತ್ತು ಲೆಹಿ ಎಂಬ ಬೇರೆ ಗುಂಪುಗಳು. ಪಾಲ್ಮಾಖ್ ತುಕಡಿಯೊಂದು ಆ ದಾಳಿಗೆ ನೆರವಾಗಿದ್ದೂ ನಿಜ. ಮೇ ತಿಂಗಳಲ್ಲಿ ಹಗಾನಾವೇ ಹೊಸ ದೇಶದ ಸೇನೆಯಾಯಿತು. ಆ ಯುದ್ಧದಲ್ಲಿ 7 ಲಕ್ಷಕ್ಕೂ ಹೆಚ್ಚು ಫೆಲೆಸ್ತೀನಿಯರು ಮನೆ ಕಳಕೊಂಡರು. ಇಂದಿನ ಗಾಝಾದ ಹೆಚ್ಚಿನ ಜನ ಅವರು ಮತ್ತು ಅವರ ಮಕ್ಕಳು, ಮೊಮ್ಮಕ್ಕಳು.

ಹಾಗಾದರೆ ಮನೆಗಳ ನಡುವೆ ಆಯುಧ ಇಡುವುದು ಸರಿ ಅಂತ ನಾವು ಹೇಳುತ್ತಿದ್ದೇವೆಯೇ? ಇಲ್ಲ. ಅದರ ಬೆಲೆ ಕೊಡುವವರು ನಿರಾಯುಧ ಜನ. 2023ರ ಅಕ್ಟೋಬರ್ 7ರಂದು ಇಸ್ರೇಲ್‌ನಲ್ಲಿ ಮನೆಯೊಳಗಿದ್ದವರನ್ನು ಕೊಂದದ್ದೂ ರಕ್ಷಣೆ ಆಗುವುದಿಲ್ಲ. ನಾವು ಕೇಳುವುದು ಇಷ್ಟೇ. ಲಾಂಡ್ರಿ ಕೆಳಗಿನ ಕಾರ್ಖಾನೆ ಸಾಹಸ ಅಂತಾದರೆ, ಆಸ್ಪತ್ರೆ ಕೆಳಗಿನ ಸುರಂಗದ ಹೆಸರಲ್ಲಿ ಮೇಲೆ ಮಲಗಿದ ರೋಗಿ ಯಾಕೆ ಸಾಯಬೇಕು? ಯಾಗೂರಿನ ತಾಯಂದಿರಿಗೆ ಸಿಕ್ಕ ರಿಯಾಯಿತಿ ಗಾಝಾದ ತಾಯಂದಿರಿಗೆ ಯಾಕಿಲ್ಲ?

ವ್ಯಾಪಾರದ ಮನೆಗಳಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಇಟ್ಟವನನ್ನು ಪೇಟೆಯಲ್ಲಿ ಏನಂತ ಕರೆಯುತ್ತಾರೆ ಅಂತ ನಮಗೆ ಗೊತ್ತು. ಆ ಮಾತು ನಮಗೂ ಅನ್ವಯ. ಮೊಬೈಲಿಗೆ ಬಂದದ್ದನ್ನು ಫಾರ್ವರ್ಡ್ ಮಾಡುವ ಮೊದಲು, ಸತ್ತದ್ದು ಆಚೆ ಕಡೆಯ ಮಗುವಾಗಿದ್ದರೂ ನಾವು ಹೀಗೇ ಮಾತಾಡುತ್ತಿದ್ದೆವಾ ಅಂತ ಒಮ್ಮೆ ಕೇಳಿಕೊಳ್ಳೋಣ.