ನಮ್ಮ ಬೆನ್ನು ನಮಗೆ ಕಂಡೀತೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಮ್ಮ ಜನಕ್ಕೆ ಹೊರದೇಶದ ಓದು ಈಗ ಹೊಸದಲ್ಲ. ಮಗ ಕಂಪ್ಯೂಟರ್ ಓದಲು ಅಮೆರಿಕಕ್ಕೆ ಹೊರಟನೆಂದರೆ, ಬೆಲೆ ಬರಲೆಂದು ಅಟ್ಟದ ಮೇಲಿಟ್ಟ ಕೊಬ್ಬರಿಯನ್ನು ಬಂದಷ್ಟಕ್ಕೆ ಮಾರುತ್ತಾರೆ. ಸಾಲದಿದ್ದರೆ ತೋಟವನ್ನೇ ಬ್ಯಾಂಕಿಗೆ ಆಧಾರ ಮಾಡುತ್ತಾರೆ. ಯಾರೂ ‘ಯಾಕಪ್ಪಾ’ ಎನ್ನುವುದಿಲ್ಲ. ಅದೇ ಕೂಲಿಯವರ ಮನೆಯ ಹುಡುಗಿಯೊಬ್ಬಳು ‘ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಲು ಇಂಗ್ಲೆಂಡಿಗೆ ಹೋಗುತ್ತೇನೆ’ ಎಂದಳೆನ್ನಿ, ಇಡೀ ಊರಿಗೆ ನಗು. ‘ನಮ್ಮೂರ ಜಾತಿ ಜಗಳ ತಿಳಿಯೋಕೆ ಲಂಡನ್ನಿಗೆ ಹೋಗಬೇಕೇನಮ್ಮ? ಅರಳಿಕಟ್ಟೆ ಮೇಲೆ ಕೂತರೆ ಸಾಕಲ್ಲ!’ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಸಮಾಜ ಪಾಠ ಮಾಡಿದ ನನಗೆ ಈ ನಗು ಎಂದೂ ಸೇರಿದ್ದಲ್ಲ.

ಊರವರು ನಕ್ಕರೆ ಹೋಗಲಿ ಎನ್ನಬಹುದು. ಸರ್ಕಾರವೇ ಆ ನಗುವನ್ನು ನಿಯಮವಾಗಿ ಬರೆದರೆ? ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೆಂಬುದೊಂದಿದೆ. ಪರಿಶಿಷ್ಟ ಜಾತಿಯವರು, ಅಲೆಮಾರಿಗಳು, ಭೂಮಿಯಿಲ್ಲದ ಕೂಲಿಗಳು, ಕುಲಕಸುಬಿನವರು, ಇಂಥವರ ಮಕ್ಕಳು ಹೊರದೇಶದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್.ಡಿ. ಮಾಡಲಿ ಎಂದು ಇರುವ ಹಣ. 2022ರಲ್ಲಿ ಇಡೀ ದೇಶಕ್ಕೆ ಇದ್ದದ್ದು 125 ಸ್ಥಾನ. ಅದೇ ವರ್ಷ ಅದರ ನಿಯಮಾವಳಿಯಲ್ಲಿ ಒಂದು ಸಾಲು ಸೇರಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತದ ಸಮಾಜವನ್ನು ಕುರಿತ ವಿಷಯಗಳಿಗೆ ಈ ಹಣ ಸಿಗುವುದಿಲ್ಲ ಎಂದು. ಸೇರಿಸಿದ್ದು ಯಾರು? ಸಾಮಾಜಿಕ ನ್ಯಾಯದ ಹೆಸರು ಹೊತ್ತ ಸಚಿವಾಲಯ.

ಇದಕ್ಕೆ ಕೊಟ್ಟ ಸಮರ್ಥನೆ ನಮ್ಮ ಅರಳಿಕಟ್ಟೆಯದೇ. ನಮ್ಮ ದೇಶದ ವಿಷಯ ಓದಲು ನಮ್ಮಲ್ಲೇ ಬೇಕಾದಷ್ಟು ಅನುಕೂಲವಿದೆ, ಆ ಸ್ಥಾನಗಳು ಬೇರೆ ವಿಷಯಗಳಿಗಿರಲಿ ಎಂಬುದು. ಹಾಗಾದರೆ ಎಂಜಿನಿಯರಿಂಗ್ ಕಾಲೇಜುಗಳಿಗೆ ನಮ್ಮಲ್ಲಿ ಬರವೇ? ಆ ವಿಷಯಕ್ಕೆ ಹೊರಗೆ ಹೋಗಬಹುದು, ಈ ವಿಷಯಕ್ಕೆ ಬೇಡ ಎನ್ನುವುದು ಯಾವ ಲೆಕ್ಕ? ಸಮಾಜಶಾಸ್ತ್ರವನ್ನೇ ಬೇಡವೆಂದಿಲ್ಲ, ನಿಜ. ಆದರೆ ತುರುವೇಕೆರೆ ಕಡೆಯ ಹುಡುಗಿ ಎಂ.ಎ. ಪ್ರಬಂಧವನ್ನು ತನ್ನ ಕೇರಿಯ ಬಗ್ಗೆ ಬರೆಯುವಂತಿಲ್ಲವೆಂದರೆ ಅವಳ ಕೈಗೆ ಲೇಖನಿ ಕೊಟ್ಟು ಶಾಯಿ ಕಸಿದುಕೊಂಡಂತೆ.

ಅಂಬೇಡ್ಕರ್ ಅವರನ್ನೇ ನೋಡಿ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1915ರಲ್ಲಿ ಎಂ.ಎ. ಪಡೆದದ್ದು ಪ್ರಾಚೀನ ಭಾರತದ ವ್ಯಾಪಾರದ ಮೇಲೆ ಬರೆದು. ಮರುವರ್ಷ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ತರಗತಿಯಲ್ಲಿ ಭಾರತದ ಜಾತಿಗಳ ಹುಟ್ಟು ಬೆಳವಣಿಗೆಯ ಬಗ್ಗೆ ಪ್ರಬಂಧ ಓದಿದರು. ಜಾತಿಯ ಜೀವ ಇರುವುದು ಒಳಮದುವೆಯಲ್ಲಿ. ಅದನ್ನು ಕಾಯಲೆಂದೇ ಸತಿ, ವಿಧವೆಯ ಕಟ್ಟುಪಾಡು, ಬಾಲ್ಯವಿವಾಹಗಳ ಭಾರ ಹೆಣ್ಣಿನ ಮೇಲೆ ಬಿತ್ತು ಎಂದು ಇಪ್ಪತ್ತೈದರ ತರುಣ ಅಲ್ಲಿ ನಿಂತು ಹೇಳಿದ. 2022ರ ಆ ಸಾಲು ಅಂದು ಇದ್ದಿದ್ದರೆ ಎರಡು ವಿಷಯಗಳಿಗೂ ಕಾಸು ಹುಟ್ಟುತ್ತಿರಲಿಲ್ಲ. ಮಹಾರಾಜರಿಗೆ ಇದ್ದ ಬುದ್ಧಿ ಪ್ರಜಾಪ್ರಭುತ್ವಕ್ಕೆ ಬೇಡವೇ?

ಇನ್ನು ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್. ಮುಂಬೈಯಲ್ಲಿ ಘುರ್ಯೆಯವರ ಬಳಿ ಓದಿ, ಕೊಡವರ ಬಗ್ಗೆ ರಾಶಿ ವಿವರ ಕೂಡಿಹಾಕಿದ್ದರು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಅದೇ ವಿವರಗಳನ್ನು ಹೊಸದಾಗಿ ಓದಿದರು. 1952ರಲ್ಲಿ ಬಂದ ಅವರ ಕೊಡವರ ಪುಸ್ತಕದಿಂದ ‘ಸಂಸ್ಕೃತೀಕರಣ’ ಎಂಬ ಮಾತು ಲೋಕಕ್ಕೆಲ್ಲ ಹೋಯಿತು. ವಿವರ ಕೊಡಗಿನದೇ, ನೋಡುವ ಕ್ರಮ ಮಾತ್ರ ದೂರ ಹೋದ ಮೇಲೆ ಬಂದದ್ದು. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. 1948ರಲ್ಲಿ ಅವರು ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ಹೋಗಿ ಉಳಿದು, ಅದನ್ನು ‘ರಾಮಪುರ’ ಎಂದು ಕರೆದು, ಅದರ ಮೇಲೆ ಬರೆದರು. ತನಗೆ ಕಂಡದ್ದು ಹೆಚ್ಚಾಗಿ ಮೇಲಿನವರ ಊರು ಎಂಬುದನ್ನೂ ಮುಚ್ಚಿಡಲಿಲ್ಲ. ಹಾಗಿದ್ದ ಮೇಲೆ ಕೆಳಗಿನವರ ಊರನ್ನು ಬರೆಯುವವರು ಯಾರು? ಕೇರಿಯ ಮಕ್ಕಳಲ್ಲವೇ? ಅವರಿಗೇ ದಾರಿ ಕಟ್ಟಿದರೆ ಆ ಅರ್ಧ ಊರು ಬರೆಯದೆಯೇ ಉಳಿಯುತ್ತದೆ.

ಇನ್ನೊಂದು ಮಾತು. 1954ರಲ್ಲಿ ಮ್ಯಾಂಚೆಸ್ಟರಿನಿಂದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಹೆಣ್ಣುಮಗಳು ಮಂಡ್ಯ ಸೀಮೆಗೆ ಬಂದು, ನಾಲೆ ನೀರು ಬಂದ ಹಳ್ಳಿ ಒಂದು, ಬಾರದ ಹಳ್ಳಿ ಒಂದು, ಎರಡನ್ನೂ ಹೋಲಿಸಿ ಪುಸ್ತಕ ಬರೆದರು. ಬರಲಿ, ಬರೆಯಲಿ, ಒಳ್ಳೆಯದೇ. ಆದರೆ ಅವರು ನಮ್ಮನ್ನು ಅಲ್ಲಿಂದ ಬಂದು ಓದಬಹುದು, ನಾವು ನಮ್ಮನ್ನು ಅಲ್ಲಿಗೆ ಹೋಗಿ ಓದಬಾರದು ಎಂದರೆ ಹೇಗೆ? ಜಾತಿಯಾದರೂ ಈ ದೇಶದ ಗಡಿಯೊಳಗೇ ಕೂತಿದೆಯೇ? ವಿಮಾನ ಹತ್ತಿದವರ ಜೊತೆ ಅದೂ ಹತ್ತಿತು. 2023ರಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಯಿತು. ಅಲ್ಲಿ ಅದನ್ನು ಓದುವುದು ಭಾರತದ ವಿಷಯವೋ ಅಮೆರಿಕದ ವಿಷಯವೋ, ನಿಯಮ ಬರೆದವರೇ ಹೇಳಲಿ.

ನಮ್ಮ ತೆಂಗಿನ ಸೀಮೆಯಲ್ಲಿ ಓದಲು ಏನಿದೆ ಎನ್ನುವವರಿಗೆ ಕೇಳುತ್ತೇನೆ. ತೋಟ ಯಾರದು, ಮರ ಹತ್ತುವವರು ಯಾರು? ಮಟ್ಟೆ ಸುಲಿಯುವವರು, ಚಿಪ್ಪು ಒಡೆಯುವವರು ಯಾರು? ಕಾಯಿಪುಡಿ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಕಂದು ಸಿಪ್ಪೆ ಹೆರೆಯುವ ಹೆಂಗಸರು ಯಾವ ಕೇರಿಯಿಂದ ಬರುತ್ತಾರೆ? ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಗೆ ಬೆಲೆ ಕಟ್ಟುವವರ ಸಾಲಿನಲ್ಲಿ ಎಷ್ಟು ಹೆಂಗಸರಿದ್ದಾರೆ? ಕೊಬ್ಬರಿ ದರ ನಮಗೆಲ್ಲ ಬಾಯಿಪಾಠ. ಈ ಪ್ರಶ್ನೆಗಳನ್ನು ಕೇಳಿದವರು ಎಷ್ಟು ಜನ? ಕೇಳಲು ಕಲಿಸುವ ಶಾಸ್ತ್ರಕ್ಕೇ ‘ಕೆಲಸಕ್ಕೆ ಬಾರದ ಆರ್ಟ್ಸು’ ಎಂದು ಹೆಸರಿಟ್ಟಿದ್ದೇವೆ.

ಅಷ್ಟು ದುಡ್ಡು ಸುರಿದರೆ ನೌಕರಿ ಸಿಗುತ್ತದೆಯೇ ಎಂಬ ತಾಯ್ತಂದೆಯರ ಭಯವನ್ನು ನಾನು ಹಳಿಯುವುದಿಲ್ಲ. ಒಂದು ಎಕರೆ ತೋಟವೂ ಇಲ್ಲದವರು ಸಾಲ ಮಾಡಿ ಹೋಗಲಿ ಎನ್ನುವಷ್ಟು ಕಟುಕಳೂ ನಾನಲ್ಲ. ಅದಕ್ಕೆಂದೇ ಸರ್ಕಾರದ ಹಣ ಬೇಕಿರುವುದು. ಉಳ್ಳವರ ಮಗಳು ಅಪ್ಪನ ದುಡ್ಡಿನಲ್ಲಿ ಯಾವ ವಿಷಯವನ್ನಾದರೂ ಓದಬಹುದು, ಅವಳನ್ನು ಯಾವ ನಿಯಮವೂ ತಡೆಯುವುದಿಲ್ಲ. ತಡೆ ಬೀಳುವುದು ಸರ್ಕಾರದ ಹಣವನ್ನೇ ನಂಬಿದವಳಿಗೆ. ಆದ್ದರಿಂದ ಆ ಸಾಲು ಯಾವ ವಿದ್ಯಾರ್ಥಿವೇತನದ ನಿಯಮದಲ್ಲೂ ಇರಕೂಡದು. ಅದನ್ನು ಹೊಡೆದು ಹಾಕಿ ಎಂದು ನಮ್ಮ ಶಾಸಕರು, ಸಂಸದರು ಕೇಳಬೇಕು. ಅವರು ಕೇಳದಿದ್ದರೆ ಮುಂದಿನ ಸಲ ಮತ ಕೇಳಲು ಬಂದಾಗ ನಾವು ಕೇಳಬೇಕು.