ಹಳೇ ಆಫೀಸಿನ ಕಿಟಕಿ

ಕೆಲಸ ಹೋಗಿ ನಾಲ್ಕು ತಿಂಗಳಾಯಿತು. ಮೊನ್ನೆ ಹೆಂಡತಿ ಕೇಳಿದಳು, "ಹಳೇ ಆಫೀಸಿನದ್ದು ಏನು ಜಾಸ್ತಿ ನೆನಪಾಗುತ್ತೆ?" ಸಂಬಳ ಅನ್ನಬೇಕಿತ್ತು. ಬಾಯಿಗೆ ಬಂದದ್ದು "ಕಿಟಕಿ"!

ಬಲ್ಲಾರ್ಡ್ ಎಸ್ಟೇಟಿನ ಹಳೇ ಕಲ್ಲು ಕಟ್ಟಡ, ನಾಲ್ಕನೇ ಮಹಡಿ. ಲೆಕ್ಕದ ಪುಸ್ತಕದಿಂದ ತಲೆ ಎತ್ತಿದರೆ ಇಂದಿರಾ ಡಾಕ್‌ನ ಕ್ರೇನುಗಳು, ಅದರಾಚೆ ಲಂಗರು ಹಾಕಿ ನಿಂತ ಹಡಗುಗಳು, ಆಕಾಶ ತಿಳಿಯಾಗಿದ್ದರೆ ಘಾರಾಪುರಿಯ ಗುಡ್ಡ. 1914ರಲ್ಲಿ ಅಲೆಕ್ಸಾಂಡ್ರಾ ಡಾಕ್ ಅಂತ ಶುರುವಾದದ್ದೇ ಈ ಇಂದಿರಾ ಡಾಕ್. ಅದನ್ನು ತೋಡಿದ ಮಣ್ಣಿನಿಂದ ಸಮುದ್ರ ತುಂಬಿಸಿಯೇ ಬಲ್ಲಾರ್ಡ್ ಎಸ್ಟೇಟಿನ ನೆಲ ಮಾಡಿದ್ದು.

ಈಗ ಡೊಂಬಿವಲಿಯಿಂದ ಐರೋಲಿ, ಅಂಧೇರಿ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಅಂತ ಇಂಟರ್‌ವ್ಯೂಗೆ ಅಲೆಯುತ್ತಿದ್ದೇನೆ. ಎಲ್ಲ ಕಡೆ ಗೋಡೆಯೇ ಗಾಜು, ಕಾಣುವುದು ಎದುರಿನ ಕಟ್ಟಡದ ಗಾಜು. ನಲವತ್ತೊಂಬತ್ತರ ನನ್ನನ್ನು ನೋಡಿ, ನಗುತ್ತಾ, "ತಿಳಿಸುತ್ತೇವೆ" ಅನ್ನುತ್ತಾರೆ.

ಕಳೆದ ವಾರ ಫೋರ್ಟಿನಲ್ಲೇ ಒಂದು ಇಂಟರ್‌ವ್ಯೂ ಇತ್ತು. ಮುಗಿಸಿ ಹಳೇ ಕಟ್ಟಡದತ್ತ ಹೋದೆ. ವಾಚ್‌ಮನ್ ಪರಿಚಯದವನೇ, ಕ್ಷೇಮ ವಿಚಾರಿಸಿದ. ಪಾಸ್ ಇಲ್ಲದೆ ಮೇಲೆ ಬಿಡಲಿಲ್ಲ, ಅವನ ತಪ್ಪಲ್ಲ ಬಿಡಿ. ರಸ್ತೆಯಲ್ಲೇ ನಿಂತು ಹುಡುಕಿದೆ. ಸಮುದ್ರ ಕಾಣಲೇ ಇಲ್ಲ, ಬಂದರಿನ ಗೋಡೆ ಮಾತ್ರ!

ನೋಡಿ, ಈ ಊರಿನಲ್ಲಿ ಎರಡು ಸಮುದ್ರ ಇವೆ. ಪಶ್ಚಿಮದ್ದು ಎಲ್ಲರದ್ದು. ಕೆಲಸ ಇಲ್ಲದವನೂ ಮರೀನ್ ಡ್ರೈವ್ ಕಟ್ಟೆಯ ಮೇಲೆ ದಿನವಿಡೀ ಕೂರಬಹುದು. ಪೂರ್ವದ್ದು ಕೆಲಸ ಇದ್ದವರದ್ದು. ಗೇಟ್‌ವೇ, ಭಾವುಚಾ ಧಕ್ಕಾದಂಥ ಕೆಲವು ಜಾಗ ಬಿಟ್ಟರೆ ಗೋಡೆ, ಗೇಟು, ಪಾಸು. ರೈಲಿಗೆ ಹಾರ್ಬರ್ ಲೈನ್ ಅಂತ ಹೆಸರು. ಡಾಕ್‌ಯಾರ್ಡ್ ರೋಡಿನಲ್ಲಿ ಒಂದು ಕ್ರೇನು ಇಣುಕಿದರೆ ಅದೇ ಪುಣ್ಯ.

ಭದ್ರತೆ ಬೇಡ ಅನ್ನುತ್ತಿಲ್ಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು ನೂರಾರು ಜನ ಸತ್ತರು. ಆದರೆ 1989ರಲ್ಲಿ ನ್ಹಾವಾ ಶೇವಾ ಬಂದರು ಶುರುವಾದ ಮೇಲೆ ಕಂಟೇನರ್ ವ್ಯಾಪಾರ ಬಹುಪಾಲು ಆಚೆ ದಡಕ್ಕೆ ಹೋಯಿತು. ವಿಕ್ಟೋರಿಯಾ ಡಾಕನ್ನೇ ಮಣ್ಣು ತುಂಬಿ ಮುಚ್ಚಿದ್ದಾರೆ. ಕೆಲಸ ನಿಂತ ಕಡೆಯಾದರೂ ಗೋಡೆ ತೆಗೆದು ನಾಲ್ಕು ಬೆಂಚು ಹಾಕಬಾರದೇ? ಬರೀ ದುಬಾರಿ ಹೋಟೆಲು, ಕ್ರೂಸ್ ಹಡಗು ಬಂದರೆ ಸಾಲದು.

ನಮ್ಮ ದಕ್ಷಿಣ ಕನ್ನಡದ ಹಿರಿಯರು ಹಡಗು ಹತ್ತಿ ಬಂದಿಳಿಯುತ್ತಿದ್ದದ್ದು ಇದೇ ಪೂರ್ವದ ದಡದಲ್ಲಿ. ಅವರ ಕೈಯಲ್ಲೂ ಕೆಲಸ ಇರಲಿಲ್ಲ, ಹುಡುಕಿಕೊಂಡೇ ಬಂದವರು. ಆಗ ಈ ಹಾರ್ಬರ್ ನೋಡಲು ಅವರಿಗೆ ಕೆಲಸ ಬೇಕಿರಲಿಲ್ಲ.

ನಾಳೆ ಐರೋಲಿಯವರು ಮತ್ತೆ ಕರೆದಿದ್ದಾರೆ. ಹೋಗಿ ಬರುತ್ತೇನೆ.