ಹೊಂದದ ಅಂಕೆಗಳು

ವೈಜ್ಞಾನಿಕ ಉದ್ಯಮವೊಂದರ ಯೋಗ್ಯತೆಯನ್ನು ಅದಕ್ಕೆ ಕೂಡಿಬಂದ ಬಂಡವಾಳದಿಂದ ಅಳೆಯುವುದು ಈಗಿನ ರೂಢಿ. ಅದಕ್ಕಿಂತ ನಂಬಲರ್ಹವಾದ ಪರೀಕ್ಷೆಯೊಂದುಂಟೆಂದು ನಮ್ಮ ಅಭಿಪ್ರಾಯ. ಅಲ್ಲಿನ ಅತ್ಯಂತ ಕಿರಿಯ ನೌಕರರು “ಈ ಅಳತೆ ಸರಿಯಾಗಿಲ್ಲ” ಎಂದಾಗ ಹಿರಿಯರು ಮಾಡುವುದೇನು ಎಂಬುದನ್ನು ನೋಡಬೇಕು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2003ರಲ್ಲಿ ಎಲಿಜಬೆತ್ ಹೋಮ್ಸ್ ಎಂಬಾಕೆ ಸ್ಥಾಪಿಸಿದ ಥೆರಾನೋಸ್ ಎಂಬ ನವೋದ್ಯಮವನ್ನು ತೆಗೆದುಕೊಳ್ಳೋಣ. ಬೆರಳ ತುದಿಯಿಂದ ತೆಗೆದ ಕೆಲವೇ ತೊಟ್ಟು ರಕ್ತದಿಂದ ನೂರಾರು ಪರೀಕ್ಷೆಗಳನ್ನು ನಡೆಸಬಹುದೆಂದು ಅದು ಸಾರಿತು. 2014ರಲ್ಲಿ ಅದರ ಮೌಲ್ಯ ಸುಮಾರು 900 ಕೋಟಿ ಡಾಲರೆಂದು ಎಣಿಸಲ್ಪಟ್ಟಿತ್ತು. ಆದರೆ ರಕ್ತ ಸಾಲದೆ, ಹಲವು ಪರೀಕ್ಷೆಗಳಿಗೆ ಅದನ್ನು ತೆಳುಮಾಡಿ, ಇತರರು ತಯಾರಿಸಿದ ಯಂತ್ರಗಳಲ್ಲಿ ಅಳೆಯಲಾಗುತ್ತಿತ್ತು. ಹತ್ತು ಪಟ್ಟು ತೆಳುಮಾಡಿ ಅಳೆದೆವೆನ್ನಿ; ಬಂದ ಅಂಕೆಯನ್ನು ಹತ್ತರಿಂದ ಗುಣಿಸುವಾಗ ಯಂತ್ರದ ದೋಷವೂ ಹತ್ತು ಪಟ್ಟಾಗುತ್ತದೆ. ಬಂಡವಾಳವೆಷ್ಟಿದ್ದರೂ ಈ ಗುಣಾಕಾರ ತಪ್ಪದು.

2013ರಲ್ಲಿ ಆಗತಾನೆ ಕಾಲೇಜು ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ ಎರಿಕಾ ಚಂಗ್ ಮತ್ತು ಟೈಲರ್ ಶುಲ್ಟ್ಸ್ ಎಂಬಿಬ್ಬರು, ಸಂಸ್ಥೆಯ ಸ್ವಂತ ಯಂತ್ರವು ಉತ್ತರ ಮೊದಲೇ ಗೊತ್ತಿರುವ ಮಾದರಿಗಳಲ್ಲಿಯೂ ಮತ್ತೆ ಮತ್ತೆ ತಪ್ಪುವುದನ್ನು ಕಂಡರು. ಹೊಂದದ ಅಂಕೆಗಳನ್ನು ಕೈಬಿಟ್ಟು ಉಳಿದವನ್ನು ಸ್ವೀಕರಿಸುವುದನ್ನೂ ಕಂಡರು. ಹಿರಿಯರಿಗೆ ಅರಿಕೆ ಮಾಡಿದರು, ಫಲವಾಗಲಿಲ್ಲ. 2014ರಲ್ಲಿ ಇಬ್ಬರೂ ಕೆಲಸ ಬಿಟ್ಟರು. ಶುಲ್ಟ್ಸರ ಅಜ್ಜನವರೇ ಸಂಸ್ಥೆಯ ನಿರ್ದೇಶಕರಲ್ಲೊಬ್ಬರಾಗಿದ್ದರೆಂಬುದನ್ನು ನೆನೆದರೆ ಆ ತರುಣನ ಸಂಕಟ ತಿಳಿದೀತು. 2015ರಲ್ಲಿ ಚಂಗ್ ಸರ್ಕಾರದ ನಿಯಂತ್ರಣ ಸಂಸ್ಥೆಗೆ ದೂರು ಬರೆದರು. 2018ರಲ್ಲಿ ಥೆರಾನೋಸ್ ಮುಚ್ಚಿತು. ಹೂಡಿಕೆದಾರರನ್ನು ವಂಚಿಸಿದ ಅಪರಾಧಕ್ಕಾಗಿ 2022ರಲ್ಲಿ ಹೋಮ್ಸ್‌ಗೆ 11 ವರ್ಷಗಳಿಗೂ ಮಿಗಿಲಾದ ಸೆರೆವಾಸ ವಿಧಿಸಲ್ಪಟ್ಟಿತು.

ಹೊಂದದ ಅಂಕೆಯನ್ನು ಬಿಡುವುದು ವಿಜ್ಞಾನದಲ್ಲಿಯೂ ಉಂಟಲ್ಲವೆ ಎಂದು ಕೇಳಬಹುದು. ಉಂಟು, ಆದರೆ ಬಿಡುವ ನಿಯಮವನ್ನು ಅಳೆಯುವ ಮೊದಲೇ ಗೊತ್ತುಮಾಡಿರಬೇಕು, ಬಿಟ್ಟುದನ್ನು ಕಾರಣಸಹಿತ ಬರೆದಿಡಬೇಕು. ಗಾಳಿಯಿಂದ ಪಡೆದ ನೈಟ್ರೋಜನ್, ರಾಸಾಯನಿಕಗಳಿಂದ ಪಡೆದುದಕ್ಕಿಂತ ಸುಮಾರು ಶೇಕಡ ಅರ್ಧದಷ್ಟು ಭಾರವಾಗಿರುವುದನ್ನು ಲಾರ್ಡ್ ರೇಲೀ ಕಂಡರು. ಆ ಅಲ್ಪ ವ್ಯತ್ಯಾಸವನ್ನು ಅವರು ಕಡೆಗಣಿಸಲಿಲ್ಲ. 1894ರಲ್ಲಿ ಅವರೂ ರಾಮ್ಸೆಯವರೂ ಆರ್ಗಾನನ್ನು ಕಂಡುಹಿಡಿದುದು ಅದರಿಂದಲೇ.

ಸರಳ ಲೋಲಕದ ಪ್ರಯೋಗದಲ್ಲಿ 9.3 ಎಂದು ಬಂದುದನ್ನು ಅಳಿಸಿ 9.8 ಎಂದು ತುಂಬುವ ವಿದ್ಯಾರ್ಥಿಗಳುಂಟು. ಉತ್ತರಕ್ಕೆ ಮಾತ್ರವೇ ಅಂಕ ಕೊಡುವ ಪದ್ಧತಿಯೇ ಇದಕ್ಕೆ ಮುಖ್ಯ ಕಾರಣ, ಅದು ಬದಲಾಗಬೇಕು. ನಮ್ಮ ವಾಚಕರಲ್ಲಿ ಕೆಲವರಾದರೂ ನಾಳೆ ವೈದ್ಯಕೀಯ ಉಪಕರಣಗಳನ್ನು ತಯಾರಿಸುವ ಸಂಸ್ಥೆಗಳನ್ನು ಸೇರುವರು. ಅಲ್ಲಿ ಅಳಿಸಿದ ಒಂದು ಅಂಕೆ ಯಾರೋ ಒಬ್ಬ ರೋಗಿಯ ಔಷಧವನ್ನು ನಿರ್ಧರಿಸೀತು. ಬಂದ ಅಂಕೆಯನ್ನು ಬಂದಂತೆಯೇ ಬರೆಯುವ ಅಭ್ಯಾಸವನ್ನು ಇಂದಿನ ಪ್ರಯೋಗಶಾಲೆಯಲ್ಲಿಯೇ ಮಾಡಿಕೊಳ್ಳುವುದು ಮೇಲು.